ಬರ್ಡ್ ಹಿಟ್ ಆದಮೇಲೆ ಪೈಲಟ್‌ಗೆ ಉಳಿಯುವ ಸಮಯ ಎಷ್ಟು?

ಹಕ್ಕಿ ಬಡಿದು ಜೆಟ್ ಬಿತ್ತು ಅಂದರೆ ಮೊದಲ ಸಲ ಕೇಳಿದವರಿಗೆ ನಂಬಿಕೆ ಬರುವುದಿಲ್ಲ. ಹಾಗಾಗಿ ಮೊದಲು ಲೆಕ್ಕ ಮಾಡಿಬಿಡೋಣ. ಹಕ್ಕಿ 1 ಕೆಜಿ. ವಿಮಾನದ ವೇಗ ಗಂಟೆಗೆ 460 ಕಿಮೀ, ಅಂದರೆ ಸೆಕೆಂಡಿಗೆ ಸುಮಾರು 128 ಮೀಟರ್. ಚಲನ ಶಕ್ತಿಯ ಸೂತ್ರ ಹೈಸ್ಕೂಲಿನದ್ದೇ: ½mv². ಉತ್ತರ ಸುಮಾರು 8,200 ಜೂಲ್. ಇದು 50 ಕೆಜಿ ಅಕ್ಕಿ ಮೂಟೆಯನ್ನು ಐದನೇ ಮಹಡಿಯಿಂದ ಕೆಳಗೆ ಹಾಕಿದ ಹಾಗೆ. ಸೂತ್ರದಲ್ಲಿ ವೇಗಕ್ಕೆ ವರ್ಗ ಇದೆ ಅನ್ನೋದನ್ನ ಮರೆಯಬೇಡಿ. ವೇಗ ದುಪ್ಪಟ್ಟಾದರೆ ಪೆಟ್ಟು ನಾಲ್ಕು ಪಟ್ಟು.

ಈ ಪೆಟ್ಟು ರೆಕ್ಕೆಗೆ ಬಿದ್ದರೆ ತಗ್ಗು ಬೀಳಬಹುದು, ವಿಮಾನ ವಾಪಸ್ ಬರುತ್ತದೆ. ಎಂಜಿನ್ ಒಳಗೆ ಹೋದರೆ ಕಥೆ ಬೇರೆ. ಫ್ಯಾನಿನ ಒಂದು ಬ್ಲೇಡ್ ಬಾಗಿದರೆ ಸಾಕು, ಗಾಳಿಯನ್ನು ಒತ್ತಿ ಒಳಗೆ ಕಳಿಸುವ ಕಂಪ್ರೆಸರ್‌ಗೆ ಗಾಳಿ ಸರಿಯಾಗಿ ಹೋಗುವುದಿಲ್ಲ. ಎಂಜಿನ್ ಬಿಕ್ಕಳಿಸಿದ ಹಾಗೆ ಧಡ್ ಧಡ್ ಅನ್ನುತ್ತದೆ. ಇದಕ್ಕೆ ಸರ್ಜ್ ಎನ್ನುತ್ತಾರೆ. ಟರ್ಬೈನ್ ಬಿಸಿ ಏರುತ್ತದೆ, ತಳ್ಳುವ ಬಲ ಇಳಿಯುತ್ತದೆ.

ತರಬೇತಿ ಜೆಟ್‌ಗಳಿಗೇ ಇದರ ಕಾಟ ಯಾಕೆ ಜಾಸ್ತಿ? ಹಕ್ಕಿಗಳು ಹೆಚ್ಚಾಗಿ ಹಾರುವುದು ನೆಲದ ಹತ್ತಿರ, ಕಲಿಯುವವರು ಸುತ್ತುವುದೂ ಅಲ್ಲೇ. ಒಂದೇ ರನ್‌ವೇ ಮೇಲೆ ಇಳಿದು, ಚಕ್ರ ತಾಗಿಸಿ, ಮತ್ತೆ ಏರುವ ಟಚ್ ಅಂಡ್ ಗೋ ಅಭ್ಯಾಸ. ಸಾಲದ್ದಕ್ಕೆ, ಹಾಕ್‌ನಂಥ ಟ್ರೈನರ್‌ಗೆ ಇರುವುದು ಒಂದೇ ಎಂಜಿನ್. ನಮ್ಮ ಬೀದರ್ ವಾಯುನೆಲೆಯಲ್ಲಿ 2008ರಿಂದ ಹಾರುತ್ತಿರುವುದು ಇದೇ ಹಾಕ್. ಬೆಂಗಳೂರಿನ ಎಚ್‌ಎಎಲ್ ಲೈಸೆನ್ಸ್ ಪಡೆದು ಇದನ್ನು ತಯಾರಿಸಿದೆ.

ಈ ಹಾಕ್ ಕುಟುಂಬದ್ದೇ ಎರಡು ಅಪಘಾತಗಳನ್ನು ಪಕ್ಕಪಕ್ಕ ಇಟ್ಟು ನೋಡಿ.

ಮೊದಲನೆಯದು ಕೆನಡಾದ ಮೂಸ್ ಜಾ, 2004ರ ಮೇ 14. ಟಚ್ ಅಂಡ್ ಗೋ ಮುಗಿಸಿ ಏರುವಾಗ ಹಕ್ಕಿ ಎಂಜಿನ್‌ಗೆ ನುಗ್ಗಿತು. ಆಗ ವಿಮಾನಕ್ಕೆ ವೇಗ ಇತ್ತು. ಆ ವೇಗವನ್ನು ಎತ್ತರವಾಗಿ ಬದಲಾಯಿಸಿಕೊಂಡರು, ಅಂದರೆ ಮೂತಿ ಎತ್ತಿ ಮೇಲೇರಿದರು. ಎತ್ತರ ಅಂದರೆ ಸಮಯ. ಯೋಚಿಸಲು, ಟವರ್‌ಗೆ ಹೇಳಲು, ಜೊತೆಯವರನ್ನು ಸಿದ್ಧಗೊಳಿಸಲು ಒಂದಿಷ್ಟು ಬಿಡುವು ಸಿಕ್ಕಿತು. ಎಂಜಿನ್ ಉಳಿಯಲಿಲ್ಲ, ಇಬ್ಬರೂ ಎಜೆಕ್ಟ್ ಆದರು, ಅಂದರೆ ಸೀಟಿನ ಸಮೇತ ವಿಮಾನದಿಂದ ಹೊರಕ್ಕೆ ಚಿಮ್ಮಿದರು. ಗಾಯವಾಯಿತು, ಜೀವ ಉಳಿಯಿತು.

ಎರಡನೆಯದು ಅಮೆರಿಕದ ಟೆಕ್ಸಾಸ್, ಲೇಕ್ ವರ್ತ್ ಊರು, 2021ರ ಸೆಪ್ಟೆಂಬರ್ 19. ನೌಕಾಪಡೆಯ ಟಿ-45 ಗೋಸ್‌ಹಾಕ್, ಅಂದರೆ ಹಾಕ್‌ನ ತಮ್ಮ. ಇಳಿಯಲು ಬರುತ್ತಿತ್ತು. ವೇಗ ಕಡಿಮೆ, ಎತ್ತರವೂ ಕಡಿಮೆ, ಕೆಳಗೆ ಮನೆಗಳು. ಬದಲಾಯಿಸಿಕೊಳ್ಳಲು ಕೈಯಲ್ಲಿ ಏನೂ ಇರಲಿಲ್ಲ. ಇಬ್ಬರೂ ಹೊರಗೆ ಬಂದರು. ವಿದ್ಯಾರ್ಥಿ ಪೈಲಟ್ ವಿದ್ಯುತ್ ತಂತಿಗೆ ಸಿಕ್ಕಿಕೊಂಡು ತೀವ್ರವಾಗಿ ಗಾಯಗೊಂಡರು. ಮೂರು ಮನೆಗಳಿಗೆ ಹಾನಿಯಾಯಿತು. ಅದೇ ಕುಟುಂಬದ ವಿಮಾನ, ಅದೇ ಅಡೂರ್ ಎಂಜಿನ್. ಹಕ್ಕಿ ಬಡಿದ ಗಳಿಗೆ ಮಾತ್ರ ಬೇರೆ.

ಈಗ ಸೀಟಿನ ವಿಷಯ. ಹಾಕ್‌ನಲ್ಲಿರುವುದು ಮಾರ್ಟಿನ್-ಬೇಕರ್ ಕಂಪನಿಯ ಎಜೆಕ್ಷನ್ ಸೀಟು, ಪೈಲಟ್‌ನನ್ನು ರಾಕೆಟ್‌ನಿಂದ ಹೊರಕ್ಕೆ ಎಸೆಯುವ ಸೀಟು. ತೊಡೆಗಳ ನಡುವೆ ಇರುವ ಹಿಡಿಯನ್ನು ಎಳೆದರೆ ಸಾಕು, ಉಳಿದದ್ದೆಲ್ಲ ತಾನಾಗಿಯೇ ಆಗುತ್ತದೆ. ಮೊದಲು ತಲೆ ಮೇಲಿನ ಕ್ಯಾನೊಪಿ, ಅಂದರೆ ಪಾರದರ್ಶಕ ಮುಚ್ಚಳ, ಒಡೆಯಬೇಕು. ವಾಯುಪಡೆಯ ಕಸರತ್ತು ತಂಡ ಸೂರ್ಯಕಿರಣದ ಹಾಕ್ ನೆಲದ ಮೇಲೆ ನಿಂತಿರುವಾಗ ಹತ್ತಿರದಿಂದ ನೋಡಿದ್ದೀರಾ? ಕ್ಯಾನೊಪಿ ಮೇಲೆ ಅಂಕುಡೊಂಕು ಗೆರೆ ಕಾಣುತ್ತದೆ. ಅಲಂಕಾರ ಅಂತ ನಾನೂ ಅಂದುಕೊಂಡಿದ್ದೆ. ಅದು ಸಿಡಿಮದ್ದಿನ ದಾರ! ಸಿಡಿದು ಕ್ಯಾನೊಪಿಯನ್ನು ಚೂರು ಮಾಡುತ್ತದೆ. ಇಬ್ಬರನ್ನೂ ಒಟ್ಟಿಗೆ ಹೊರಹಾಕುವಾಗ ಹಿಂದಿನ ಸೀಟು ಮೊದಲು ಹೋಗುತ್ತದೆ. ಮುಂದಿನವರು ಮೊದಲು ಹೋದರೆ ಅವರ ರಾಕೆಟ್‌ನ ಬೆಂಕಿ ಹಿಂದಿನವರ ಮುಖಕ್ಕೇ ಬರುತ್ತದೆ ಅಲ್ವಾ? ಸೀಟು ಜೋರಾಗಿ ಮೇಲಕ್ಕೆ ಎಸೆಯುವುದರಿಂದ ಬೆನ್ನುಮೂಳೆ ಜಜ್ಜುವ ಅಪಾಯವಂತೂ ಇದ್ದೇ ಇದೆ. ಅದಕ್ಕೇ ಬೆನ್ನು, ಕತ್ತು ನೆಟ್ಟಗಿಟ್ಟು ಕೂರುವುದನ್ನು ಮತ್ತೆ ಮತ್ತೆ ಕಲಿಸುತ್ತಾರೆ.

ಪರೀಕ್ಷೆಗೆ ಓದುವವರು ತಪ್ಪುವುದು ಮುಂದಿನ ಜಾಗದಲ್ಲಿ. ಈ ಸೀಟುಗಳನ್ನು ಝೀರೋ-ಝೀರೋ ಎನ್ನುತ್ತಾರೆ: ಎತ್ತರ ಸೊನ್ನೆ, ವೇಗ ಸೊನ್ನೆ ಇದ್ದರೂ ಕೆಲಸ ಮಾಡುತ್ತದೆ. ಹಾಗಾದರೆ ಕೊನೇ ಗಳಿಗೆಯವರೆಗೂ ಕಾಯಬಹುದಾ? ಇಲ್ಲ. ಆ ಮಾತು ನಿಂತಿರುವ ವಿಮಾನಕ್ಕೆ. ವಿಮಾನ ನಿಮಿಷಕ್ಕೆ 3,000 ಅಡಿಯಂತೆ ಇಳಿಯುತ್ತಿದ್ದರೆ ಅದು ಸೆಕೆಂಡಿಗೆ 15 ಮೀಟರ್. ಪ್ಯಾರಾಚೂಟ್ ಬಿಚ್ಚಿಕೊಳ್ಳಲು 2–3 ಸೆಕೆಂಡು ಅಂತಿಟ್ಟುಕೊಳ್ಳಿ. ಸೀಟು ಮೇಲಕ್ಕೆ ಎಸೆದ ದೂರದಲ್ಲಿ 30ರಿಂದ 45 ಮೀಟರ್ ಹಾಗೇ ಕಳೆದುಹೋಗುತ್ತದೆ. ವಿಮಾನ ವಾಲಿದ್ದರೆ ಇನ್ನೂ ಕಷ್ಟ. ಆದ್ದರಿಂದ ಯಾವ ಎತ್ತರದ ಕೆಳಗೆ ಎಂಜಿನ್ ಹೋದರೆ ಯೋಚಿಸದೆ ಹಿಡಿ ಎಳೆಯಬೇಕು ಅನ್ನುವುದನ್ನು ಟೇಕಾಫ್‌ಗೆ ಮೊದಲೇ ಮಾತಾಡಿ ಗಟ್ಟಿ ಮಾಡಿಕೊಂಡಿರುತ್ತಾರೆ. ನನ್ನ ಪ್ರಕಾರ ಈ ಇಡೀ ಅಧ್ಯಾಯದಲ್ಲಿ ಮುಖ್ಯವಾದದ್ದು ಇದೇ.

ಎರಡು ಎಂಜಿನ್ ಇದ್ದರೆ ಚಿಂತೆ ಇಲ್ಲ ಅನ್ನುವವರಿಗೆ ಗೋವಾದ ಉದಾಹರಣೆ ಕೊಡಿ. 2019ರ ನವೆಂಬರ್ 16ರಂದು ನೌಕಾಪಡೆಯ ಮಿಗ್-29ಕೆ ತರಬೇತಿ ವಿಮಾನಕ್ಕೆ ಹಕ್ಕಿಗಳ ಹಿಂಡೇ ಎದುರಾಯಿತು. ಒಂದು ಎಂಜಿನ್ ಆರಿತು, ಇನ್ನೊಂದಕ್ಕೆ ಬೆಂಕಿ ಹತ್ತಿತು. ಪೈಲಟ್‌ಗಳು ಜನವಸತಿಯಿಂದ ಆಚೆ ತಿರುಗಿಸಿ ಎಜೆಕ್ಟ್ ಆದರು, ಇಬ್ಬರೂ ಉಳಿದರು.

ಇನ್ನು ನೆಲದ ಕಡೆಯ ಕೆಲಸ. 1937ರ ವಿಮಾನ ನಿಯಮಗಳಲ್ಲಿ 91ನೇ ನಿಯಮ ನೋಡಿ: ವಿಮಾನ ನಿಲ್ದಾಣದ 10 ಕಿಮೀ ಸುತ್ತ ಹಕ್ಕಿಗಳನ್ನು ಸೆಳೆಯುವ ಕಸ, ಮಾಂಸದ ತ್ಯಾಜ್ಯ ಎಸೆಯುವಂತಿಲ್ಲ, ಪ್ರಾಣಿ ಕಡಿಯುವಂತಿಲ್ಲ. 2023ರ ಏರೋ ಇಂಡಿಯಾ ವೇಳೆ ಯಲಹಂಕದ 10 ಕಿಮೀ ಸುತ್ತ ಮಾಂಸದ ಅಂಗಡಿ ಮುಚ್ಚಿಸಿದ್ದು ಹದ್ದುಗಳ ಭಯಕ್ಕೇ. ಶೋ ಮುಗಿದ ಮೇಲೆ ಅಂಗಡಿಗಳು ತೆರೆದವು. ತ್ಯಾಜ್ಯ ಎಸೆಯಬಾರದು ಅನ್ನುವ 91ನೇ ನಿಯಮಕ್ಕೆ ಮಾತ್ರ ಶೋ ದಿನ, ಬೇರೆ ದಿನ ಅನ್ನೋ ಭೇದ ಇಲ್ಲ.