ಆ ಬಿಳಿ ಎಳೆಗಳನ್ನು ಕೀಳಬೇಡಿ

ಹಾಸನದ ನಮ್ಮ ಪ್ರಾಣಿಶಾಸ್ತ್ರ ಲ್ಯಾಬಿನಲ್ಲಿ ಪ್ರತಿ ಬ್ಯಾಚಿನದೂ ಇದೇ ಕಥೆ. ಮಿಡತೆಯ ಬೆನ್ನು ಬಿಡಿಸಿದ ಕೂಡಲೇ ಕರುಳಿನ ಸುತ್ತ ಬೆಳ್ಳಗೆ ಹೊಳೆಯುವ ಎಳೆಗಳು ಕಾಣುತ್ತವೆ. "ಕಸ ಜಾಸ್ತಿ ಇದೆ ಮೇಡಂ" ಅಂತ ಅದನ್ನೆಲ್ಲ ಚಿಮುಟದಲ್ಲಿ ಕಿತ್ತು ಹಾಕುತ್ತಾರೆ. ಆಮೇಲೆ ಕೇಳುತ್ತಾರೆ, "ಮೇಡಂ, ಶ್ವಾಸಕೋಶ ಎಲ್ಲಿ?"

ಅಯ್ಯೋ, ಈಗ ಕಿತ್ತು ಬಿಸಾಕಿದಿರಲ್ಲ, ಅದೇ ಕಣ್ರೋ!

ಮಿಡತೆಗೆ ನಮ್ಮಂಥ ಶ್ವಾಸಕೋಶವೇ ಇಲ್ಲ, ಆ ಎಳೆಗಳೇ ಅದರ ಉಸಿರುಕೊಳವೆಗಳು. ಎದೆಯ ಪಕ್ಕದಲ್ಲಿ 2 ಜೊತೆ, ಹೊಟ್ಟೆಯ ಪಕ್ಕದಲ್ಲಿ 8 ಜೊತೆ ಉಸಿರುರಂಧ್ರಗಳಿವೆ. ಗಾಳಿ ಅಲ್ಲಿಂದ ಒಳಗೆ ಹೋಗಿ, ಈ ಬಿಳಿ ಕೊಳವೆಗಳಲ್ಲಿ ಕವಲೊಡೆಯುತ್ತಾ ಕರುಳು, ಸ್ನಾಯು, ನರ ಎಲ್ಲವನ್ನೂ ನೇರವಾಗಿ ಮುಟ್ಟುತ್ತದೆ. ಆಮ್ಲಜನಕಕ್ಕಾಗಿ ಅದು ರಕ್ತವನ್ನು ನೆಚ್ಚಿಕೊಂಡಿಲ್ಲ. ಈ ಮಾತು ಮಾತ್ರ ಎಷ್ಟು ಹೇಳಿದರೂ ತಲೆಗೆ ಹೋಗುವುದಿಲ್ಲ. ರಕ್ತದಲ್ಲಿ ಹಿಮೋಗ್ಲೋಬಿನ್ ಇಲ್ಲ, ಅದಕ್ಕೇ ಕೆಂಪಲ್ಲ. ಅದು ಊಟದ ಸಾರ ಹೊರುತ್ತದೆ. ಬೆನ್ನಿನುದ್ದಕ್ಕೂ ಇರುವ ಹೃದಯ ತಳ್ಳುವುದು ಆ ರಕ್ತವನ್ನು, ಗಾಳಿಯನ್ನಲ್ಲ. ಗಾಳಿ ಆಡಿಸುವುದು ಹೊಟ್ಟೆ. ಹುಲ್ಲಿನ ಮೇಲೆ ಕೂತ ಮಿಡತೆಯನ್ನು ಸುಮ್ನೆ ನೋಡಿ, ಹೊಟ್ಟೆ ಉಬ್ಬಿ ಇಳಿಯುತ್ತಿರುತ್ತದೆ.

ಬಿಡಿಸಿದ ಮಿಡತೆಯನ್ನು ನೀರಿನಲ್ಲಿ ಮುಳುಗಿಸಿಡಿ. ಒಳಗೆ ಗಾಳಿ ತುಂಬಿರುವುದರಿಂದಲೇ ಕೊಳವೆಗಳು ಹೊಳೆಯುವುದು. ಬಹಳ ದಿನ ಸ್ಪಿರಿಟ್‌ನಲ್ಲಿಟ್ಟರೆ ಒಳಗೆ ದ್ರವ ಸೇರಿ ಹೊಳಪು ಹೋಗಿಬಿಡುತ್ತದೆ. ಒಂದೇ ಒಂದು ಎಳೆಯನ್ನು ಮೈಕ್ರೋಸ್ಕೋಪಿನಡಿ ಇಡಿ. ತೋಟದ ಪಂಪಿನ ಸಕ್ಷನ್ ಪೈಪಿನಲ್ಲಿ ಇರುತ್ತಲ್ಲ, ಅಂಥ ಸುರುಳಿ ಕಾಣುತ್ತದೆ. ಕೊಳವೆ ಮುಚ್ಚಿಕೊಳ್ಳದಂತೆ ತಡೆಯುವುದು ಅದೇ.

ಸಕಲೇಶಪುರದ ಹುಡುಗಿಯೊಬ್ಬಳು ಒಮ್ಮೆ ಕಾಫಿ ತೋಟದಿಂದ ಹಳದಿ ಚುಕ್ಕಿಯ ದಪ್ಪ ಮಿಡತೆ ಹಿಡಿದು ತಂದಳು. ಮುಟ್ಟಿದರೆ ಎದೆಯಿಂದ ಬುಸಬುಸ ನೊರೆ. "ಉಸಿರು ಕಟ್ಟಿದೆಯಾ ಮೇಡಂ?" ಅಂತ ಗಾಬರಿ ಅವಳಿಗೆ. ಅದು ಶತ್ರುವನ್ನು ದೂರವಿಡುವ ನೊರೆ, ವಿಷವಿರುತ್ತದೆ, ಬರಿಗೈಯಲ್ಲಿ ಮುಟ್ಟಬೇಡ ಅಂದೆ. ಊಟಕ್ಕೂ ಹೋಗದೆ ಅದರ ಪಕ್ಕದ ರಂಧ್ರಗಳನ್ನು ಲೆನ್ಸಿನಲ್ಲಿ ನೋಡಿ ಚಿತ್ರ ಬರೆದಳು. ಸಂಜೆ ಬಸ್ಸಿನಲ್ಲಿ ಅದನ್ನು ವಾಪಸ್ ತೋಟಕ್ಕೇ ಒಯ್ದಳು. ಇಂಥ ಮಕ್ಕಳಿಗೆ ಕಲಿಸುವುದೇ ಒಂದು ಖುಷಿ.

ಕತ್ತರಿಸಲೆಂದು ಮಿಡತೆಯನ್ನು ಕೊಲ್ಲಬೇಡಿ. ಡಿಸೆಕ್ಷನ್ ನಿಲ್ಲಿಸಿ ಎಂದು ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2014ರಲ್ಲೇ ಹೇಳಿದೆ, ನಿಮ್ಮ ಕಾಲೇಜಿನಲ್ಲಿ ಮೊದಲು ಕೇಳಿಕೊಳ್ಳಿ. ಒಪ್ಪಿದರೆ, ಬೆಳಿಗ್ಗೆ ಟ್ಯೂಬ್‌ಲೈಟ್ ಕೆಳಗೆ ಸತ್ತು ಬಿದ್ದದ್ದು ಸಾಕು. ಆದರೆ ಅವತ್ತೇ ನೋಡಬೇಕು, ಒಣಗಿದರೆ ಏನೂ ಸಿಗುವುದಿಲ್ಲ. ಬೆನ್ನಿನ ನಡುಗೆರೆಗೆ ಸ್ವಲ್ಪ ಪಕ್ಕದಲ್ಲಿ ಕತ್ತರಿ ಹಾಕಿ. ನಡುವೆಯೇ ಹಾಕಿದರೆ ಹೃದಯ ಹೋಗುತ್ತದೆ. ತೀರಾ ಕೆಳಗಿಳಿದರೆ ರಂಧ್ರಕ್ಕೂ ಕೊಳವೆಗೂ ಇರುವ ಸಂಬಂಧವೇ ಕಡಿದುಹೋಗುತ್ತದೆ. ಚಿತ್ರ ಬರೆದು ಮುಗಿಯುವವರೆಗೆ ಚಿಮುಟ ಪಕ್ಕಕ್ಕಿಡಿ.