ಹೊತ್ತೊಯ್ಯುವ ಶೂಟಿಂಗ್ ಬೆಂಚು: ಕಾಲು ಮೂರಿರಲಿ, ಕೀಲು ಬಿಗಿಯಿರಲಿ

ಒಲಿಂಪಿಕ್ಸ್‌ನ ರೈಫಲ್ ಸ್ಪರ್ಧೆಗಳಲ್ಲಿ ಬಂದೂಕನ್ನು ಮೇಜಿನಂಥ ಬೆಂಚಿನ ಮೇಲೆ ಊರಿ ಹೊಡೆಯುವ ಪದ್ಧತಿ ಇಲ್ಲ. 10 ಮೀಟರ್ ಏರ್ ರೈಫಲ್ಲನ್ನು ನಿಂತೇ ಹೊಡೆಯಬೇಕು. 50 ಮೀಟರ್ ತ್ರೀ ಪೊಸಿಷನ್ ಸ್ಪರ್ಧೆಯಲ್ಲಿ ಮಂಡಿಯೂರಿ, ಮಲಗಿ, ಕೊನೆಗೆ ನಿಂತು ಹೊಡೆಯಬೇಕು. ಇದೇ ಸ್ಪರ್ಧೆಯಲ್ಲಿ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದ ಮೇಲೆ, ಮಕ್ಕಳನ್ನು ಪುಣೆಯ ಬಾಲೇವಾಡಿಯ ಶೂಟಿಂಗ್ ರೇಂಜಿಗೆ ಸೇರಿಸಿದ ಹಲವು ತಂದೆತಾಯಂದಿರು ಭೋಸರಿಯಲ್ಲಿರುವ ನಮ್ಮ ಫ್ಯಾಬ್ರಿಕೇಶನ್ ವರ್ಕ್‌ಶಾಪಿಗೆ ಬಂದು ಬೆಂಚಿನ ಬಗ್ಗೆ ವಿಚಾರಿಸತೊಡಗಿದ್ದಾರೆ. ಸ್ಪರ್ಧೆಯಲ್ಲಿ ಇಲ್ಲದ ವಸ್ತು ಅಭ್ಯಾಸಕ್ಕೆ ಏಕೆ ಬೇಕು ಎಂಬ ಅವರ ಪ್ರಶ್ನೆ ಸಹಜವಾದದ್ದೇ. ಬಂದೂಕಿಗೆ ಗುರಿ ನೋಡುವ ಹೊಸ ಸೈಟನ್ನು ಹೊಂದಿಸುವಾಗ, ಯಾವ ಡಬ್ಬಿಯ ಪೆಲೆಟ್ (ಏರ್ ರೈಫಲ್ಲಿನ ಪುಟ್ಟ ಗುಂಡು) ತಮ್ಮ ನಳಿಗೆಗೆ ಒಗ್ಗುತ್ತದೆಂದು ಪರೀಕ್ಷಿಸುವಾಗ, ಬಂದೂಕಿನ ಭಾರ ತಡೆಯಲಾರದ ಮಗುವಿಗೆ ಟ್ರಿಗರ್ ಒತ್ತುವುದನ್ನಷ್ಟೇ ಕಲಿಸುವಾಗ, ತಪ್ಪು ಬಂದೂಕಿನದೋ ಮನುಷ್ಯನದೋ ಎಂದು ಬೇರ್ಪಡಿಸಿ ನೋಡಲು ಬೆಂಚು ಬೇಕಾಗುತ್ತದೆ. ಆದರೆ ಆ ಬೆಂಚೇ ಅಲುಗಾಡುತ್ತಿದ್ದರೆ ಇಬ್ಬರ ಜೊತೆಗೆ ಮೂರನೆಯ ಅಪರಾಧಿಯೊಂದು ಸೇರಿಕೊಂಡಂತಾಗಿ, ತಪ್ಪು ಯಾರದೆಂದು ಹೇಳುವುದೇ ಕಷ್ಟವಾಗುತ್ತದೆ.

ಎಷ್ಟು ಅಲುಗಿದರೆ ಹೆಚ್ಚು ಎಂಬುದಕ್ಕೆ ಸರಳವಾದ ಲೆಕ್ಕವಿದೆ. ರೈಫಲ್ಲಿನ ಮುಂಭಾಗಕ್ಕೆ ಕೊಟ್ಟ ಆಸರೆಗೂ ಬಟ್ಟಿನ, ಅಂದರೆ ಹೆಗಲಿಗೆ ಒರಗುವ ಹಿಂತುದಿಯ, ಕೆಳಗಿಟ್ಟ ಮರಳು ಚೀಲಕ್ಕೂ ನಡುವೆ 60 ಸೆಂ.ಮೀ. ಅಂತರವಿದೆ ಎಂದಿಟ್ಟುಕೊಳ್ಳೋಣ. ಗುರಿ ಹಿಡಿದ ಕ್ಷಣಕ್ಕೂ ಗುಂಡು ಹೊರಟ ಕ್ಷಣಕ್ಕೂ ನಡುವೆ ಇವೆರಡರಲ್ಲಿ ಒಂದು ಕೇವಲ 0.1 ಮಿ.ಮೀ., ಅಂದರೆ ಹೆಚ್ಚುಕಡಿಮೆ ಒಂದು ಹಾಳೆ ಕಾಗದದ ದಪ್ಪದಷ್ಟು, ಕುಸಿದರೆ 50 ಮೀಟರ್ ದೂರದಲ್ಲಿ ಗುಂಡು ಬೀಳುವ ಜಾಗ 8 ಮಿ.ಮೀ.ಗಿಂತ ತುಸು ಹೆಚ್ಚೇ ಸರಿಯುತ್ತದೆ. ಅಂತರರಾಷ್ಟ್ರೀಯ ನಿಯಮದ 50 ಮೀಟರ್ ರೈಫಲ್ ಟಾರ್ಗೆಟ್ಟಿನಲ್ಲಿ ಒಂದು ವರ್ತುಲದಿಂದ ಮುಂದಿನ ವರ್ತುಲಕ್ಕೆ ಇರುವ ದೂರವೂ 8 ಮಿ.ಮೀ. ಆಗಿರುವುದರಿಂದ, ಕಾಗದದ ದಪ್ಪದ ಕುಸಿತಕ್ಕೆ ಪೂರ್ತಿ ಒಂದು ಅಂಕದ ಬೆಲೆ ತೆರಬೇಕಾಗುತ್ತದೆ. 10 ಮೀಟರಿನಲ್ಲಿ ಇದೇ ಕುಸಿತ 1.7 ಮಿ.ಮೀ. ಆಗುತ್ತದೆ, ಅಲ್ಲಿ ಹತ್ತು ಅಂಕದ ಚುಕ್ಕೆಯ ಅಗಲವೇ ಅರ್ಧ ಮಿ.ಮೀ. ಕೈಯಿಂದ ಅಲುಗಾಡಿಸಿ "ಗಟ್ಟಿಯಾಗಿದೆ" ಎನ್ನುವ ಅಂಗಡಿಯವರ ಮಾತಿಗೆ ಈ ಲೆಕ್ಕದ ಮುಂದೆ ಅರ್ಥವಿಲ್ಲ.

ಸೊಲ್ಲಾಪುರದ ಕಡೆಯ ಒಬ್ಬ ಹಿರಿಯರು ನನ್ನ ನಕ್ಷೆ ನೋಡಿ, "ಏನ್ರೀ ಇದು, ನಾಕು ಕಾಲಿಂದಕಿಂತ ಮೂರು ಕಾಲಿಂದು ಗಟ್ಟಿ ಹೆಂಗ್ ಆಗ್ತದ್ರೀ?" ಎಂದು ಕೇಳಿದ್ದರು. ಹಳ್ಳಿಯ ಅಡುಗೆಮನೆಯಲ್ಲಿ ಒಲೆಗುಂಡುಗಳನ್ನು ಮೂರೇ ಇಡುವುದೇಕೆ ಎಂದು ಮರುಪ್ರಶ್ನೆ ಹಾಕಿದಾಗ ಅವರಿಗೆ ವಿವರಣೆ ಬೇಕಾಗಲಿಲ್ಲ. ನೆಲ ಎಷ್ಟೇ ಏರುತಗ್ಗಾಗಿರಲಿ, ಮೂರು ಕಾಲುಗಳೂ ನೆಲ ಮುಟ್ಟಿಯೇ ತೀರುತ್ತವೆ. ನಾಲ್ಕು ಕಾಲಿದ್ದರೆ ಅವುಗಳಲ್ಲೊಂದು ಸದಾ ಗಾಳಿಯಲ್ಲಿದ್ದು, ಮೊಣಕೈಯ ಭಾರ ಬದಲಾದಂತೆ ಬೆಂಚು ಅತ್ತಿತ್ತ ತೊನೆಯುತ್ತದೆ. ಕಾಂಕ್ರೀಟು ಹಾಸಿದ ರೇಂಜಿನಲ್ಲಿ ನಾಲ್ಕು ಕಾಲಿಗೂ ಎತ್ತರ ಹೊಂದಿಸುವ ತಿರುಪು ಕೊಟ್ಟು ನಿಭಾಯಿಸಬಹುದಾದರೂ, ಹೋದಲ್ಲೆಲ್ಲ ಹೊತ್ತೊಯ್ಯುವ ಬೆಂಚಿಗೆ ಅದನ್ನು ನಾನು ಸೂಚಿಸುವುದಿಲ್ಲ. ಆದರೆ ಮೂರು ಕಾಲಿಗೂ ಒಂದು ದೋಷವಿದೆ. ಕಾಲುಗಳು ನೆಲದ ಮೇಲೆ ಮಾಡುವ ತ್ರಿಕೋನದ ಹೊರಗೆ ಭಾರ ಬಿದ್ದರೆ ಬೆಂಚು ಮಗುಚುತ್ತದೆ. ಆದ್ದರಿಂದ ಕಾಲುಗಳನ್ನು ಹೊರಕ್ಕೆ ಸುಮಾರು 15 ಡಿಗ್ರಿ ಓರೆಯಾಗಿ ಇಡಬೇಕು. ಮುಂದಿನ ಒಂಟಿ ಕಾಲಿನ ಎರಡೂ ಬದಿಗೆ ಆಧಾರವಿಲ್ಲದೆ ಚಾಚಿಕೊಳ್ಳುವ ಹಲಗೆಯ ಮೂಲೆಗಳನ್ನು ಕತ್ತರಿಸಿಬಿಡಬೇಕು. ಇದರಿಂದ ತೂಕವೂ ಇಳಿಯುತ್ತದೆ.

ಹಲಗೆಗೆ 18 ಮಿ.ಮೀ. ಪ್ಲೈವುಡ್ ಸಾಕು. ಎಂಟಡಿ-ನಾಲ್ಕಡಿಯ ಒಂದು ಶೀಟಿನಲ್ಲಿ 1220 x 610 ಮಿ.ಮೀ. ಅಳತೆಯ ನಾಲ್ಕು ಹಲಗೆಗಳು ಬರುವುದರಿಂದ, ಪುಣೆಯ ಭವಾನಿ ಪೇಠೆಯ ಟಿಂಬರ್ ಮಾರ್ಕೆಟ್ಟಿಗೆ ಹೋಗುವಾಗ ಇಬ್ಬರು ಮೂವರು ಸೇರಿ ಹೋದರೆ ಲಾಭ. ಭಾರತೀಯ ಮಾನಕ ಐಎಸ್ 710ರ ಮುದ್ರೆಯಿರುವ ಮರೀನ್ ಪ್ಲೈವುಡ್ಡನ್ನೇ ಕೇಳಿ ಪಡೆಯಬೇಕು, ಏಕೆಂದರೆ ಮುಂಬೈ ಮತ್ತು ಗೋವಾದ ಮಳೆಗಾಲದ ತೇವಕ್ಕೆ ಅಗ್ಗದ ಪ್ಲೈವುಡ್ಡಿನ ಅಂಚು ಉಬ್ಬಿ ಪದರ ಬಿಡುತ್ತದೆ. ಮರೀನ್ ಆದರೂ ಕತ್ತರಿಸಿದ ಅಂಚಿಗೆ ಪೇಂಟು ಬಳಿಯದೆ ಬಿಡಬಾರದು. ಬಲಗೈಯವರಿಗೆ ಹಲಗೆಯ ಹಿಂಬದಿಯ ಎಡಮೂಲೆಯನ್ನು ಎದೆ ಕೂರುವಷ್ಟು ಒಳಕ್ಕೆ ಕತ್ತರಿಸಿ, ಬಲಭಾಗವನ್ನು ಮೊಣಕೈಗೆಂದು ಹಾಗೆಯೇ ಉಳಿಸಬೇಕು. ಹಿಂದಿನ ಎರಡು ಕಾಲುಗಳಲ್ಲಿ ಒಂದು ಈ ಬಲಭಾಗದ ತುದಿಯ ಕೆಳಗೆ ಬರಬೇಕು, ಇನ್ನೊಂದು ಎಡಗಡೆ ಕತ್ತರಿಸಿದ ಜಾಗಕ್ಕಿಂತ ಸ್ವಲ್ಪ ಮುಂದೆ. ಎಡಗೈಯವರಿಗೆ ಎಲ್ಲವೂ ಅದಲುಬದಲು. ಮೇಲ್ಮೈಗೆ ನುಣುಪಾದ ಸನ್‌ಮೈಕಾ ಅಂಟಿಸಿದರೆ ಮರಳು ಚೀಲ ಜಾರುತ್ತದೆ. ಕಾರ್ಪೆಟ್ಟು, ಫೋಮು ಹಾಕಿದರೆ ಆಸರೆಯೇ ಮೆತ್ತಗೆ ಕುಸಿಯುತ್ತದೆ. ಹೊಳಪಿಲ್ಲದ ಪಾಲಿಶ್ ಬಳಿದ ಬರಿಯ ಹಲಗೆಯೇ ಲೇಸು.

ಇನ್ನು ಕೀಲಿನ ವಿಚಾರ. ನಾನು ರಿಪೇರಿಗೆಂದು ನೋಡಿದ ಬೆಂಚುಗಳ ಕಾಯಿಲೆ ಹೆಚ್ಚಾಗಿ ಇಲ್ಲಿಯೇ ಇರುತ್ತದೆ. ಹಲಗೆಯ ಕೆಳಗೆ ಬಿಗಿಯುವ ಕಬ್ಬಿಣದ ತಗಡಿಗೆ 40 ಮಿ.ಮೀ. ಚೌಕ ಪೈಪಿನ ಗಿಡ್ಡ ತುಂಡನ್ನು ವೆಲ್ಡ್ ಮಾಡಿ ಗೂಡು ಮಾಡಿಕೊಂಡು, ಅದರೊಳಗೆ 32 ಮಿ.ಮೀ. ಚೌಕ ಪೈಪಿನ ಕಾಲನ್ನು ತೂರಿಸುವುದು ರೂಢಿ. ಹೊರ ಪೈಪಿನ ಗೋಡೆ 2 ಮಿ.ಮೀ. ಇದ್ದರೆ ಒಳಗೆ 36 ಮಿ.ಮೀ. ಜಾಗ ಸಿಗುತ್ತದೆ, ಅಂದರೆ ಕಾಲಿಗೆ 4 ಮಿ.ಮೀ. ಸಡಿಲ. ಬಹುತೇಕ ವೆಲ್ಡರುಗಳು ಒಂದು ಮುಖಕ್ಕೆ ಮಾತ್ರ ನಟ್ಟು ಕೂರಿಸಿ ಬೋಲ್ಟು ಬಿಗಿಯುತ್ತಾರೆ. ಆಗ ಕಾಲು ಎದುರಿನ ಒಂದು ಗೋಡೆಗೆ ಒತ್ತಿಕೊಂಡು ಆ ದಿಕ್ಕಿನಲ್ಲಿ ಅಲುಗುವುದಿಲ್ಲವಾದರೂ, ಪಕ್ಕಕ್ಕೆ ತಳ್ಳಿದರೆ ಬೋಲ್ಟಿನ ಮೊನೆಯ ಮೇಲೆಯೇ ತಿರುಗುತ್ತದೆ. ಪಕ್ಕಪಕ್ಕದ ಎರಡು ಮುಖಗಳಿಗೆ ಒಂದೊಂದು ಎಂ10 (10 ಮಿ.ಮೀ. ಬೋಲ್ಟಿನ) ನಟ್ಟು ವೆಲ್ಡ್ ಮಾಡಿಸಿ ಎರಡು ಕಡೆಯಿಂದಲೂ ಬಿಗಿದರೆ ಕಾಲು ಗೂಡಿನ ಎದುರು ಮೂಲೆಗೆ ಹೋಗಿ ಎರಡು ಗೋಡೆಗಳಿಗೂ ಒರಗುತ್ತದೆ. ಸಡಿಲ ಎಷ್ಟಿದ್ದರೂ ಆಮೇಲೆ ಲೆಕ್ಕಕ್ಕಿಲ್ಲ. ಪೈಪಿನ ಒಳಗೆ ಉದ್ದಕ್ಕೂ ವೆಲ್ಡಿಂಗಿನ ಗೀರು ಉಬ್ಬಿಕೊಂಡಿರುತ್ತದೆ. ಆ ಗೀರಿರುವ ಗೋಡೆ ಕಾಲು ಒರಗುವ ಕಡೆಗೆ ಬರದಂತೆ ಪೈಪನ್ನು ತಿರುಗಿಸಿ ಕೂರಿಸಬೇಕೆಂದು ವೆಲ್ಡಿಂಗಿಗೆ ಮೊದಲೇ ಹೇಳಿರಬೇಕು, ಮುಗಿದ ಮೇಲೆ ಹೇಳಿ ಪ್ರಯೋಜನವಿಲ್ಲ. ಮುಂಬೈಯ ವರಳಿಯಂಥ ಸಮುದ್ರದಂಡೆಯ ರೇಂಜಿನಲ್ಲಿ ಬಳಸುವವರು ಬೋಲ್ಟುಗಳನ್ನಾದರೂ ಸ್ಟೇನ್‌ಲೆಸ್ ಸ್ಟೀಲಿನವೇ ಕೊಳ್ಳಲಿ. ಮುಂಬೈಯ ನಾಗದೇವಿ ಸ್ಟ್ರೀಟಿನಲ್ಲಿ ಎಲ್ಲ ಅಳತೆಯವೂ ಸಿಗುತ್ತವೆ.

ಎತ್ತರದ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳುವ ಅಗತ್ಯವಿಲ್ಲ. 45 ಸೆಂ.ಮೀ. ಸ್ಟೂಲಿಗೆ 75 ಸೆಂ.ಮೀ. ಆಸುಪಾಸಿನ ಬೆಂಚು ಬಹುತೇಕರಿಗೆ ಹೊಂದುತ್ತದೆ; ಕತ್ತು ಬಗ್ಗಿಸದೆ ಕಣ್ಣು ಸೈಟಿಗೆ ಸಿಗುವಂತೆ ಸ್ಟೂಲನ್ನು ಏರಿಸಿ ಇಳಿಸಿಕೊಂಡರಾಯಿತು. ಬೆಂಚಿಗೇ ಜೋಡಿಸಿದ ಆಸನವನ್ನು ಮಾತ್ರ ನಾನು ಒಪ್ಪುವುದಿಲ್ಲ. ಕೂತವರ ಭಾರದಿಂದ ಬೆಂಚು ಗಟ್ಟಿಯಾಗಿ ನಿಲ್ಲುತ್ತದೆ ಎಂಬುದು ಅದರ ಪರವಾದ ವಾದ. ಆದರೆ ಕೂತವರ ಉಸಿರು, ತೊಡೆಯ ಕದಲಿಕೆ ಎಲ್ಲವೂ ಅದೇ ಕಬ್ಬಿಣದ ಮೂಲಕ ಹಲಗೆಗೆ ಏರುತ್ತವೆ. ಗಾಲಿಕುರ್ಚಿಯ ಶೂಟರುಗಳಿಗಂತೂ ಜೋಡಿಸಿದ ಆಸನ ಬರಿಯ ಅಡ್ಡಿ. ಅವರಿಗಾಗಿ ಮಾಡುವಾಗ ಹಿಂದಿನ ಎರಡು ಕಾಲುಗಳ ನಡುವೆ 80 ಸೆಂ.ಮೀ. ತೆರಪು ಬಿಟ್ಟು, ಅಲ್ಲಿ ಅಡ್ಡಪಟ್ಟಿಯೇನೂ ಬಾರದಂತೆ ನೋಡಿಕೊಳ್ಳಬೇಕು.

ಈ ಅಳತೆಯ ಬೆಂಚು, ಹಲಗೆ ಮತ್ತು ಕಾಲು ಸೇರಿ, ಸುಮಾರು 14 ಕಿಲೋ ತೂಗುತ್ತದೆ. ಹೊರಲು ಇದು ಹೆಚ್ಚು, ನಿಲ್ಲಲು ಕಡಿಮೆ. ಆದುದರಿಂದ ಭಾರವನ್ನು ಮನೆಯಿಂದ ಒಯ್ಯದೆ ರೇಂಜಿನಲ್ಲಿಯೇ ಸೇರಿಸುವುದು ಜಾಣತನ. ಖಾಲಿ ಚೀಲಗಳನ್ನು ಮಡಚಿ ಒಯ್ದು, ಅಲ್ಲಿ ಮರಳು ತುಂಬಿ, ಹಲಗೆಯ ಕೆಳಗಿನ ಕೊಂಡಿಗೆ ಬೆಲ್ಟಿನಿಂದ ಬಿಗಿಯಾಗಿ ಮೇಲೆಳೆದು ಕಟ್ಟಬೇಕು. ಉದ್ದನೆಯ ಹಗ್ಗದಲ್ಲಿ ತೂಗುಬಿಟ್ಟರೆ ಅದು ತೂಗಾಡುತ್ತ ಬೆಂಚನ್ನೂ ತೂಗಾಡಿಸುತ್ತದೆ. ಮರಳು ಸಿಗದ ಕಡೆ ನೀರಿನ ಕ್ಯಾನು ಆದೀತು, ಆದರೆ ಕಂಠದವರೆಗೆ ತುಂಬಿರಬೇಕು. ಪುಣೆಯ ಸುತ್ತಲಿನ ಕಪ್ಪು ಮಣ್ಣು ಮಳೆ ಬಿದ್ದ ಮೇಲೆ ಕಾಲನ್ನು ನುಂಗುವುದರಿಂದ, ಕಾಲಿನ ತುದಿಗೆ 10 ಸೆಂ.ಮೀ. ಚೌಕದ ತಗಡು ಬೇಕು. ಗೋವಾದ ಜಂಬಿಟ್ಟಿಗೆ ನೆಲದಲ್ಲಿ ಕುಸಿಯುವ ಭಯವಿಲ್ಲ, ಜಾರುವ ಭಯವಿದೆ. ಅದೇ ತಗಡಿನ ಕೆಳಗೆ ರಬ್ಬರು ಅಂಟಿಸಿಕೊಂಡರೆ ಎರಡೂ ಕಡೆಗೆ ನಡೆಯುತ್ತದೆ.

ಸಿದ್ಧ ಬೆಂಚು ಕೊಳ್ಳುವವರಿಗೂ, ಮಾಡಿಸಿದವರಿಗೂ ಒಂದೇ ಪರೀಕ್ಷೆ ಹೇಳುತ್ತೇನೆ. ರಾತ್ರಿ ಯಾರೂ ಓಡಾಡದ ಹೊತ್ತಿನಲ್ಲಿ ಸೊಸೈಟಿಯ ಉದ್ದನೆಯ ಪ್ಯಾಸೇಜಿನಲ್ಲಿ ಬೆಂಚನ್ನಿಟ್ಟು, ಅದರ ಮೇಲೆ ಲೇಸರ್ ಪಾಯಿಂಟರನ್ನು ಟೇಪಿನಿಂದ ಅಂಟಿಸಿ, ಚುಕ್ಕೆ 10 ಮೀಟರ್ ದೂರದ ಗೋಡೆಗೆ ಬೀಳುವಂತೆ ಮಾಡಿ. ಗೋಡೆಯ ಮೇಲೆ ಕಾಗದ ಅಂಟಿಸಿ ಚುಕ್ಕೆಯ ಜಾಗ ಗುರುತಿಸಿ. ನಂತರ ಗುಂಡು ಹೊಡೆಯುವಾಗ ಕೂರುವಂತೆಯೇ ಕೂತು, ಮೊಣಕೈ ಊರಿ, ಚುಕ್ಕೆ ಎಷ್ಟು ಸರಿಯಿತೆಂದು ಇನ್ನೊಬ್ಬರಿಂದ ಗುರುತು ಹಾಕಿಸಿ. ಅಲ್ಲಿ 5 ಮಿ.ಮೀ. ಸರಿದರೆ 50 ಮೀಟರಿನಲ್ಲಿ 25 ಮಿ.ಮೀ., ಅಂದರೆ ಮೂರು ವರ್ತುಲ. ಮೊಣಕೈ ಎತ್ತಿದೊಡನೆ ಚುಕ್ಕೆ ಮೊದಲಿನ ಗುರುತಿಗೇ ಮರಳಿದರೆ ಹಲಗೆಯೋ ಕಾಲೋ ಬಾಗುತ್ತಿದೆ ಎಂದರ್ಥ. ಹಲಗೆಯ ಕೆಳಗೆ ಉದ್ದಕ್ಕೆ ಒಂದು ಮರದ ಪಟ್ಟಿಯನ್ನು ಅಂಟಿಸಿ ಸ್ಕ್ರೂ ಹೊಡೆದು ಮತ್ತೆ ನೋಡಬೇಕು. ಮರಳದೆ ಬೇರೆ ಕಡೆ ನಿಂತರೆ ಕೀಲು ಸಡಿಲವಿದೆ. ಆಗ ಒಂದೊಂದೇ ಕಾಲಿನ ಬೋಲ್ಟು ಬಿಗಿಯುತ್ತ, ಪ್ರತಿ ಸಲವೂ ಮೊಣಕೈ ಊರಿ ಎತ್ತುತ್ತ ಹೋದರೆ ಯಾವ ಗೂಡಿನಲ್ಲಿ ತಪ್ಪಿದೆ ಎಂದು ಗೊತ್ತಾಗುತ್ತದೆ. ಆ ಒಂದು ಗೂಡನ್ನಷ್ಟೇ ವೆಲ್ಡರಿಗೆ ತೋರಿಸಿದರೆ ಸಾಕು, ಇಡೀ ಬೆಂಚನ್ನು ಬಿಚ್ಚಿಸಬೇಕಾಗಿಲ್ಲ.