ಒಂದೇ ಚಿತ್ರದಲ್ಲಿ ಮೂರು ಬೆಳಕು: ಶಟರ್ ಮಾತು ಯಾವುದು ಕೇಳುತ್ತದೆ?

ಕತ್ತಲಲ್ಲಿ ಟಾರ್ಚಿನಿಂದ ಗೆರೆ ಎಳೆಯುವುದು, ನಡೆಯುವವರ ಹಿಂದೆ ಬೆಳಕಿನ ಬಾಲ ಮೂಡಿಸುವುದು, ಓಡುವ ಸೈಕಲ್ಲನ್ನು ಸ್ಪಷ್ಟವಾಗಿಟ್ಟು ಹಿನ್ನೆಲೆಯನ್ನು ಮಸುಕು ಮಾಡುವುದು. ಇವನ್ನೆಲ್ಲ ಬೇರೆ ಬೇರೆ ತಂತ್ರಗಳೆಂದು ಬಾಯಿಪಾಠ ಮಾಡಿದರೆ ತಲೆಯಲ್ಲಿ ಬರೀ ಅಂಕಿಗಳು ಉಳಿಯುತ್ತವೆ. ಅದರ ಬದಲು ಮೂರು ಬಗೆಯ ಬೆಳಕಿನ ಮೇಲೆ ಶಟರ್ (ಬೆಳಕನ್ನು ಬೇಕಾದಷ್ಟು ಹೊತ್ತು ಮಾತ್ರ ಒಳಗೆ ಬಿಡುವ ಕ್ಯಾಮೆರಾದ ಪರದೆ) ಏನು ಮಾಡುತ್ತದೆ ಎಂಬುದನ್ನು ಗಟ್ಟಿ ಮಾಡಿಕೊಳ್ಳೋಣ. ಆಮೇಲೆ ಸೆಟ್ಟಿಂಗ್ ಅನ್ನು ನಾವೇ ಲೆಕ್ಕ ಹಾಕಬಹುದು.

ಮೊದಲನೆಯದು, ಅಲ್ಲೇ ನಿಂತಿರುವ ಬೆಳಕು: ಹಗಲು, ಕೋಣೆಯ ದೀಪ. ಇದು ನಮಗೆ ಗೊತ್ತಿರುವುದೇ. ಶಟರ್ ಎರಡು ಪಟ್ಟು ಹೊತ್ತು ತೆರೆದಿದ್ದರೆ ಬೆಳಕೂ ಎರಡು ಪಟ್ಟು. ಒಂದು ಸ್ಟಾಪ್ ಎಂದರೆ ಬೆಳಕು ಅರ್ಧಕ್ಕಿಳಿಯುವುದು ಅಥವಾ ಎರಡು ಪಟ್ಟಾಗುವುದು. ಹತ್ತು ಸ್ಟಾಪ್‌ನ ಎನ್‌ಡಿ ಫಿಲ್ಟರ್ (ಲೆನ್ಸ್ ಮುಂದೆ ಹಾಕುವ ಕಪ್ಪು ಗಾಜು) ಬೆಳಕನ್ನು ಸುಮಾರು ಸಾವಿರದ ಒಂದು ಪಾಲಿಗೆ ಇಳಿಸುತ್ತದೆ. ಹಾಗಾಗಿ 1/60 ಸೆಕೆಂಡ್ ಶಟರ್ ತೆರೆದಿಡಬೇಕಿದ್ದ ಕಡೆ ಹೆಚ್ಚುಕಡಿಮೆ 17 ಸೆಕೆಂಡ್ ಆಗುತ್ತದೆ. ಹಗಲಿನಲ್ಲೇ ಅಲೆಗಳು ಮಂಜಿನಂತೆ ಕಾಣುವುದು ಈ ಲೆಕ್ಕದಿಂದಲೇ.

ಎರಡನೆಯದು ಫ್ಲ್ಯಾಶ್. ಇದು ಸಾಮಾನ್ಯವಾಗಿ ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ಹೊತ್ತು, ಅಥವಾ ಅದಕ್ಕೂ ಕಡಿಮೆ, ಮಿಂಚಿ ಮುಗಿಯುತ್ತದೆ. ಶಟರ್ 1/60ರಲ್ಲಿರಲಿ, ಎರಡು ಸೆಕೆಂಡ್ ತೆರೆದಿರಲಿ, ಚಿತ್ರ ದಾಖಲಿಸುವ ಸೆನ್ಸರ್‌ಗೆ ಸಿಗುವ ಫ್ಲ್ಯಾಶ್ ಬೆಳಕು ಅಷ್ಟೇ. ಅದನ್ನು ಬದಲಿಸುವುದು ಅಪರ್ಚರ್ (ಲೆನ್ಸಿನೊಳಗಿನ ರಂಧ್ರದ ಅಳತೆ), ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ), ಫ್ಲ್ಯಾಶ್‌ನ ಶಕ್ತಿ ಮತ್ತು ಫ್ಲ್ಯಾಶ್‌ನಿಂದ ವಸ್ತುವಿಗಿರುವ ದೂರ. ದೂರ ಎರಡು ಪಟ್ಟಾದರೆ ಬೆಳಕು ಕಾಲು ಪಾಲಿಗೆ ಇಳಿಯುತ್ತದೆ. ಶಟರ್ ವಿಷಯದಲ್ಲಿ ನೆನಪಿಡಬೇಕಾದ ಮಿತಿ ಒಂದೇ, ಸಿಂಕ್ ವೇಗ: ಫ್ಲ್ಯಾಶ್ ಮಿಂಚುವಾಗ ಇಡೀ ಸೆನ್ಸರ್ ತೆರೆದಿರುವ ಅತಿ ವೇಗದ ಶಟರ್. ಬಹಳಷ್ಟು ಕ್ಯಾಮೆರಾಗಳಲ್ಲಿ ಇದು 1/200 ಅಥವಾ 1/250. ಅದನ್ನು ದಾಟಿದರೆ ಶಟರ್ ಪರದೆಯ ನೆರಳು ಚಿತ್ರದಲ್ಲಿ ಕಪ್ಪು ಪಟ್ಟಿಯಾಗಿ ಬೀಳುತ್ತದೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಹೆರಾಲ್ಡ್ ಎಡ್ಜರ್ಟನ್ 1957ರಲ್ಲಿ ಹಾಲಿನ ಹನಿ ಕಿರೀಟದಂತೆ ಚಿಮ್ಮುವುದನ್ನೂ 1964ರಲ್ಲಿ ಸೇಬನ್ನು ತೂರಿ ಹೋಗುವ ಗುಂಡನ್ನೂ ಹಿಡಿದರು. ಅಲ್ಲಿ ಚಲನೆಯನ್ನು ನಿಲ್ಲಿಸಿದ್ದು ಶಟರ್ ಅಲ್ಲ, ಬೆಳಕಿನ ಆ ಅತಿ ಚಿಕ್ಕ ಮಿಂಚು.

ಮೂರನೆಯದು ಚಲಿಸುವ ದೀಪ. ಹೆಚ್ಚಿನ ಗೊಂದಲ ಇರುವುದು ಇಲ್ಲೇ. ಟಾರ್ಚನ್ನು ಕ್ಯಾಮೆರಾದ ಕಡೆಗೆ ಹಿಡಿದು ಕತ್ತಲಲ್ಲಿ 8ರ ಅಂಕಿ ಬರೆಯಿರಿ. ಐಎಸ್‌ಒ 100, ಅಪರ್ಚರ್ ಎಫ್/8 (ಎಫ್ ಅಂಕಿ ದೊಡ್ಡದಾದಷ್ಟೂ ರಂಧ್ರ ಕಿರಿದು), ಶಟರ್ 10 ಸೆಕೆಂಡ್. ಈಗ ಬೇರೇನನ್ನೂ ಮುಟ್ಟದೆ ಶಟರ್ ಮಾತ್ರ 30 ಸೆಕೆಂಡ್ ಮಾಡಿ, ಅದೇ ವೇಗದಲ್ಲಿ ಒಂದೇ ಸಲ ಬರೆದು ಟಾರ್ಚ್ ಆರಿಸಿ. ಗೆರೆಯ ಹೊಳಪು ಬದಲಾಗುವುದಿಲ್ಲ! ಏಕೆಂದರೆ ಸೆನ್ಸರ್‌ನ ಒಂದೊಂದು ಬಿಂದುವಿನ ಮೇಲೂ ದೀಪ ನಿಲ್ಲುವುದು ಹಾದುಹೋಗುವ ಆ ಕ್ಷಣ ಮಾತ್ರ. ಉಳಿದ ಹೊತ್ತೆಲ್ಲ ಆ ಬಿಂದುವಿಗೆ ಕತ್ತಲೆಯೇ. 8ರ ನಡುವೆ ಗೆರೆಗಳು ಒಂದನ್ನೊಂದು ದಾಟುವ ಜಾಗ ಮಾತ್ರ ಹೆಚ್ಚು ಹೊಳೆಯುತ್ತದೆ, ದೀಪ ಅಲ್ಲಿ ಎರಡು ಸಲ ಹಾದಿದೆ. ತಿರುವಿನಲ್ಲಿ ಕೈ ನಿಧಾನವಾದರೆ ಅಲ್ಲಿಯೂ ಗೆರೆ ದಪ್ಪಗೆ, ಬೆಳ್ಳಗೆ ಕಾಣುತ್ತದೆ. ಅಂದರೆ ಗೆರೆಯ ಹೊಳಪು ಅಪರ್ಚರ್, ಐಎಸ್‌ಒ, ದೀಪದ ಪ್ರಖರತೆ ಮತ್ತು ಕೈಯ ವೇಗದ ಕೈಲಿದೆ. ಗೆರೆ ತೀರಾ ಬಿಳಿಚಿಕೊಂಡಿದೆಯೆಂದು ಶಟರ್ ಸಮಯ ಕಡಿಮೆ ಮಾಡಿದರೆ ಹಿನ್ನೆಲೆ ಕಪ್ಪಾಗುತ್ತದೆಯೇ ಹೊರತು ಗೆರೆ ಹಾಗೇ ಇರುತ್ತದೆ. ಅಪರ್ಚರನ್ನು ಎಫ್/11 ಅಥವಾ ಎಫ್/16ಕ್ಕೆ ಕಿರಿದು ಮಾಡಬೇಕು.

ಕಲಿಯುವಾಗ ಬಣ್ಣಬಣ್ಣದ ಎಲ್‌ಇಡಿ ಕಡ್ಡಿಗಳ ಗೋಜಿಗೆ ಹೋಗಬೇಡಿ, ಒಂದು ಬಿಳಿ ಟಾರ್ಚ್ ಸಾಕು ಎಂಬುದು ನನ್ನ ಖಚಿತ ಅಭಿಪ್ರಾಯ. ಬಿಳಿ ಗೆರೆಯಲ್ಲಿ ಹೊಳಪಿನ ಏರಿಳಿತ ಬೇಗ ಕಣ್ಣಿಗೆ ಬೀಳುತ್ತದೆ. ಟ್ರೈಪಾಡ್ ಕಡ್ಡಾಯ. ಫೋಕಸ್ ಮಾಡುವಾಗ ಬೆಳಕು ಹಾಯಿಸಿ, ಆಮೇಲೆ ಲೆನ್ಸನ್ನು ಮ್ಯಾನುಯಲ್‌ಗೆ ಹಾಕಿ, ಇಲ್ಲದಿದ್ದರೆ ಕ್ಯಾಮೆರಾ ಕತ್ತಲಲ್ಲಿ ತಡಕಾಡುತ್ತಲೇ ಇರುತ್ತದೆ. ಬರೆಯುವವರು ಕಪ್ಪು ಬಟ್ಟೆ ತೊಟ್ಟು, ಟಾರ್ಚಿನ ಬೆಳಕು ತಮ್ಮ ಮೈಮೇಲೆ ಬೀಳದಂತೆ ನೋಡಿಕೊಳ್ಳಬೇಕು.

ಈಗ ಬೆಳಕುಗಳನ್ನು ಬೆರೆಸೋಣ. 1949ರಲ್ಲಿ ಲೈಫ್ ಪತ್ರಿಕೆಯ ಛಾಯಾಗ್ರಾಹಕ ಜಾನ್ ಮಿಲಿ, ಪಿಕಾಸೊ ಗಾಳಿಯಲ್ಲಿ ದೀಪದಿಂದ ಚಿತ್ರ ಬರೆಯುವುದನ್ನು ಸೆರೆಹಿಡಿದರು. ಗೆರೆ ಮೂಡಿದ್ದು ಶಟರ್ ತೆರೆದೇ ಇದ್ದುದರಿಂದ, ಪಿಕಾಸೊ ಸ್ಪಷ್ಟವಾಗಿ ಕಂಡದ್ದು ಫ್ಲ್ಯಾಶ್‌ನಿಂದ.

ಫ್ಲ್ಯಾಶ್ ಯಾವಾಗ ಮಿಂಚಬೇಕು ಎಂಬುದೂ ಮುಖ್ಯ. ದೀಪ ಹಿಡಿದು ಎಡದಿಂದ ಬಲಕ್ಕೆ ನಡೆಯುವವರನ್ನು ಒಂದು ಸೆಕೆಂಡಿನ ಶಟರ್‌ನಲ್ಲಿ ತೆಗೆಯುತ್ತಿದ್ದೀರಿ ಎಂದುಕೊಳ್ಳಿ. ಫ್ಲ್ಯಾಶ್ ಶುರುವಿನಲ್ಲೇ ಮಿಂಚಿದರೆ ಅವರು ಎಡತುದಿಯಲ್ಲಿ ಸ್ಪಷ್ಟವಾಗಿ ನಿಂತು, ದೀಪದ ಗೆರೆ ಅವರ ಮುಂದೆ ಚಾಚಿಕೊಳ್ಳುತ್ತದೆ, ಹಿಂದಕ್ಕೆ ನಡೆದಂತೆ ಕಾಣುತ್ತದೆ. ರಿಯರ್ ಕರ್ಟನ್ ಸಿಂಕ್‌ಗೆ ಹಾಕಿದರೆ ಫ್ಲ್ಯಾಶ್ ಕೊನೆಗೆ ಬರುತ್ತದೆ, ಗೆರೆ ಹಿಂದೆ ಉಳಿಯುತ್ತದೆ. ಆದರೆ ಟಿಟಿಎಲ್‌ನಲ್ಲಿ (ಫ್ಲ್ಯಾಶ್‌ನ ಶಕ್ತಿಯನ್ನು ಕ್ಯಾಮೆರಾವೇ ಅಳೆದು ನಿರ್ಧರಿಸುವ ವಿಧಾನ) ಶಟರ್ ತೆರೆಯುವ ಮೊದಲೇ ಅಳತೆಯ ಮಿಂಚೊಂದು ಬರುತ್ತದೆ, ಫೋಟೊ ಮುಗಿಯಿತೆಂದು ಜನ ನಿಂತುಬಿಡುತ್ತಾರೆ. ಫ್ಲ್ಯಾಶನ್ನು ಮ್ಯಾನುಯಲ್‌ನಲ್ಲಿಟ್ಟರೆ ಆ ತೊಂದರೆ ಇಲ್ಲ. ಮೈ ಪಾರದರ್ಶಕವಾಗಿ ಕಂಡರೆ ಹಿನ್ನೆಲೆಯಲ್ಲಿ ಬೆಳಕು ಜಾಸ್ತಿ ಇದೆ ಎಂದರ್ಥ. ವ್ಯಕ್ತಿ ಅಲ್ಲಿಗೆ ಬರುವ ಮೊದಲು ಹಿನ್ನೆಲೆ ಅದೇ ಜಾಗದಲ್ಲಿ ದಾಖಲಾಗಿರುತ್ತದೆ. ಕಪ್ಪು ಹಿನ್ನೆಲೆ ಹುಡುಕಿ.

ಪ್ಯಾನಿಂಗ್, ಅಂದರೆ ಓಡುವ ವಸ್ತುವಿನ ಜೊತೆಗೇ ಕ್ಯಾಮೆರಾ ತಿರುಗಿಸುವುದು ಕೂಡ ಇದೇ ಲೆಕ್ಕಕ್ಕೆ ಬರುತ್ತದೆ. ಸೈಕಲ್ಲಿಗೆ 1/30ರಿಂದ ಶುರುಮಾಡಿ, ಸೊಂಟದಿಂದ ತಿರುಗುತ್ತ ಹಿಂಬಾಲಿಸಿ, ಕ್ಲಿಕ್ ಆದಮೇಲೂ ತಿರುಗುವುದನ್ನು ನಿಲ್ಲಿಸಬೇಡಿ. ಆಗ ಸೆನ್ಸರ್ ಮೇಲೆ ಸೈಕಲ್ ನಿಂತಿರುತ್ತದೆ, ಓಡುವುದು ಹಿನ್ನೆಲೆ. ಹಿಂದಿರುವ ಬೀದಿದೀಪಗಳು ಈಗ ಮೂರನೆಯ ಬಗೆಯ ಬೆಳಕಾದವು. ಅದೇ ಅಪರ್ಚರ್‌ನಲ್ಲಿ ಶಟರನ್ನು 1/8ಕ್ಕೆ ಇಳಿಸಿದರೆ ಸೈಕಲ್ ಸುಮಾರು ನಾಲ್ಕು ಪಟ್ಟು ಬೆಳಗುತ್ತದೆ, ಆ ದೀಪಗಳ ಗೆರೆಗಳು ಮಾತ್ರ ಅಷ್ಟೇ ಹೊಳಪಿನಲ್ಲಿ ಉದ್ದವಾಗುತ್ತವೆ.